ತಪ್ಪು ಉತ್ತರಗಳ ಲೆಕ್ಕ

ಮಕ್ಕಳೇ, ಯಾರೋ ಒಬ್ಬರು ನಿಮ್ಮ ಬಗ್ಗೆ ಹತ್ತು ಮಾತು ಹೇಳಿದರು ಎಂದುಕೊಳ್ಳಿ. ಅವುಗಳಲ್ಲಿ ಎರಡು ನಿಜವಾಗಿವೆ, ಎಂಟು ಸುಳ್ಳಾಗಿವೆ. ಮನೆಗೆ ಹೋಗಿ ನೀವು ಯಾವುದನ್ನು ಹೇಳುತ್ತೀರಿ? ನಿಜವಾದ ಎರಡನ್ನೇ ಅಲ್ಲವೇ? ಅದನ್ನು ಕೇಳಿದವರು ಮತ್ತೊಬ್ಬರಿಗೆ ಹೇಳುವಾಗ ಎರಡು ನಾಲ್ಕಾಗಿರುತ್ತದೆ. ಉಳಿದ ಎಂಟು ಯಾರಿಗೂ ನೆನಪಿರುವುದಿಲ್ಲ. ಆ ಎಂಟನ್ನೂ ಬರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೇಳಲು ಇದು ಸುಲಭ. ಆದರೆ ಬಹಳ ಓದಿದವರಿಗೂ ಇದು ಎಷ್ಟು ಕಷ್ಟವಾಯಿತು ಎಂಬುದನ್ನು ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯಿಂದ ತಿಳಿಯಬಹುದು.

ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಮನೆಗಳು ಲೆಕ್ಕವಿಲ್ಲದಷ್ಟಿದ್ದವು. ಸತ್ತವರ ಜೊತೆ ಮಾತನಾಡಿಸುತ್ತೇವೆ ಎನ್ನುವವರು ಅದಕ್ಕೂ ಮೊದಲೇ, 1848ರ ಸುಮಾರಿನಿಂದಲೇ, ಅಲ್ಲಿ ಹೆಸರು ಮಾಡಿದ್ದರು. ಯುದ್ಧದ ನಂತರ ಅವರ ಬಾಗಿಲಿಗೆ ಜನ ಇನ್ನೂ ಹೆಚ್ಚಾಗಿ ಬಂದರು. ಇಂಥವರನ್ನು ‘ಮೀಡಿಯಂ’ ಎಂದು ಕರೆಯುತ್ತಿದ್ದರು. ನಾವು ‘ಕನ್ನಡ ಮೀಡಿಯಂ ಶಾಲೆ’ ಎನ್ನುವಾಗ ಬಳಸುವ ಪದವೇ ಇದು! ನಡುವೆ ಇದ್ದು ಮಾತನ್ನು ತಲುಪಿಸುವುದು ಎಂದು ಅದರ ಅರ್ಥ.

ಲಿಯೊನೊರಾ ಪೈಪರ್ ಅವರು ಬಾಸ್ಟನ್ ನಗರದ ಗೃಹಿಣಿ. 1857ರಲ್ಲಿ ಹುಟ್ಟಿದವರು. 1884ರಲ್ಲಿ ಅವರು ಮೊದಲ ಬಾರಿಗೆ ಪರವಶರಾದರು. ಕಣ್ಣು ಮುಚ್ಚಿ, ಮೈಮರೆತು, ಗಡಸು ದನಿಯಲ್ಲಿ ಮಾತನಾಡುತ್ತಿದ್ದರು. ಎಚ್ಚರವಾದ ಮೇಲೆ ತಾವು ಏನು ಹೇಳಿದೆವೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಮಾತನಾಡುತ್ತಿದ್ದ ದನಿ ತನ್ನನ್ನು ಫಿನುಯಿ ಎಂಬ ಫ್ರೆಂಚ್ ವೈದ್ಯ ಎಂದು ಹೇಳಿಕೊಳ್ಳುತ್ತಿತ್ತು.

1885ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಜೇಮ್ಸ್ ಅವರು ಪೈಪರ್ ಅವರನ್ನು ಕಾಣಲು ಹೋದರು. ಅವರು ಮನಶ್ಶಾಸ್ತ್ರದ ದೊಡ್ಡ ವಿದ್ವಾಂಸರು. ಅದೇ ವರ್ಷ ಅವರ ಒಂದೂವರೆ ವರ್ಷದ ಮಗ ಹರ್ಮನ್ ತೀರಿಕೊಂಡಿದ್ದ. ಪೈಪರ್ ಅವರ ಬಾಯಲ್ಲಿ ಆ ಮಗುವಿನ ಹೆಸರು ‘ಹೆರಿನ್’ ಎಂದು ಬಂದಿತು. ಇದು ಸರಿ ಉತ್ತರವೋ ತಪ್ಪು ಉತ್ತರವೋ? ನೀವು ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನು ತಪ್ಪು ಗುರುತು ಹಾಕುತ್ತೇನೆ. ಆದರೆ ಮಗನನ್ನು ಕಳೆದುಕೊಂಡ ತಂದೆ ಯಾವ ಗುರುತು ಹಾಕಿಯಾನು? ಸ್ವಲ್ಪ ಯೋಚಿಸಿ ನೋಡಿ.

ಇಂಥ ಸಂಗತಿಗಳನ್ನು ಪರೀಕ್ಷಿಸಲೆಂದೇ 1882ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತ್ತು. ರಿಚರ್ಡ್ ಹಾಡ್ಜ್‌ಸನ್ ಅದರ ಚುರುಕಾದ ಪರೀಕ್ಷಕ. ಇವರು ನಮ್ಮ ದೇಶಕ್ಕೂ ಬಂದಿದ್ದರು. 1884ರ ಕೊನೆಯಲ್ಲಿ ಮದರಾಸಿಗೆ ಬಂದು, ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯಲ್ಲಿ ಮಹಾತ್ಮರ ಪತ್ರಗಳು ತಾವಾಗಿಯೇ ಪ್ರತ್ಯಕ್ಷವಾಗುತ್ತವೆ ಎಂಬ ಸುದ್ದಿಯನ್ನು ವಿಚಾರಿಸಿದರು. ಅದು ಮೋಸವೆಂದು 1885ರಲ್ಲಿ ವರದಿ ಬಂದಿತು. (ಆ ವರದಿಯಲ್ಲಿ ಕೈಬರಹ ಪರೀಕ್ಷಿಸಿದ ರೀತಿ ಸರಿಯಲ್ಲವೆಂದು 1986ರಲ್ಲಿ ಅದೇ ಸಂಘದ ಪತ್ರಿಕೆಯಲ್ಲಿ ಒಬ್ಬ ತಜ್ಞರು ಬರೆದರು. ಪರೀಕ್ಷಕರನ್ನೂ ಪರೀಕ್ಷಿಸುವವರು ಇರಬೇಕು.)

1887ರಲ್ಲಿ ಹಾಡ್ಜ್‌ಸನ್ ಬಾಸ್ಟನ್‌ಗೆ ಹೋದರು. ಪೈಪರ್ ದಂಪತಿಗಳು ಎಲ್ಲಿಗೆ ಹೋಗುತ್ತಾರೆ, ಯಾರನ್ನು ವಿಚಾರಿಸುತ್ತಾರೆ ಎಂದು ತಿಳಿಯಲು ಕೆಲವು ವಾರ ಪತ್ತೇದಾರರನ್ನು ಹಿಂದೆ ಬಿಟ್ಟರು. ಕೇಳಲು ಬಂದವರನ್ನು ಸುಳ್ಳು ಹೆಸರಿನಲ್ಲಿ ಒಳಗೆ ಕರೆತಂದರು. ಗುಟ್ಟಾಗಿ ಮಾಹಿತಿ ಸಂಗ್ರಹಿಸುವ ಯಾವ ಸುಳಿವೂ ಸಿಗಲಿಲ್ಲ. ಇನ್ನೂ ಒಳ್ಳೆಯ ಕೆಲಸವೆಂದರೆ, ಆಡಿದ ಮಾತುಗಳನ್ನು ಬರೆದಿಡುವ ಏರ್ಪಾಡು ಮಾಡಿದರು.

1889ರಲ್ಲಿ ಪೈಪರ್ ಅವರನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. ಅಲ್ಲಿ ಅವರಿಗೆ ಪರಿಚಿತರು ಯಾರೂ ಇರಲಿಲ್ಲ. ಭೌತವಿಜ್ಞಾನಿ ಆಲಿವರ್ ಲಾಡ್ಜ್ ತಮ್ಮ ಚಿಕ್ಕಪ್ಪನಿಂದ ಒಂದು ಹಳೆಯ ಚಿನ್ನದ ಗಡಿಯಾರ ತರಿಸಿ ಅವರ ಕೈಗೆ ಕೊಟ್ಟರು. ಅದು ಇಪ್ಪತ್ತು ವರ್ಷಗಳ ಹಿಂದೆ ತೀರಿಹೋಗಿದ್ದ, ಆ ಚಿಕ್ಕಪ್ಪನ ಅವಳಿ ಸಹೋದರನದು. ಪರವಶರಾಗಿದ್ದ ಪೈಪರ್ ಅದು ಚಿಕ್ಕಪ್ಪನೊಬ್ಬನದೆಂದರು, ಹೆಸರನ್ನೂ ಹೇಳಿದರು. ಹುಡುಗರಾಗಿದ್ದಾಗ ಹೊಳೆಯಲ್ಲಿ ಈಜಿದ್ದು, ಹಾವಿನ ಚರ್ಮ ಇಟ್ಟುಕೊಂಡಿದ್ದು, ಬೆಕ್ಕನ್ನು ಕೊಂದದ್ದು ಎಲ್ಲವೂ ಬಂದವು. ಚಿಕ್ಕಪ್ಪನಿಗೆ ಕೆಲವು ನೆನಪಿದ್ದವು. ನೆನಪಿಲ್ಲದ ಕೆಲವು ಇನ್ನೊಬ್ಬ ಸಹೋದರನಿಗೆ ನೆನಪಿದ್ದವು. ಲಾಡ್ಜ್ ಆ ಊರಿಗೆ ಒಬ್ಬರನ್ನು ಕಳುಹಿಸಿ ವಿಚಾರಿಸಿದರು. ಅಷ್ಟು ಸಂಗತಿಗಳನ್ನು ಅವರಿಂದಲೂ ಸಂಗ್ರಹಿಸಲಾಗಲಿಲ್ಲ.

ಆಶ್ಚರ್ಯವಾಯಿತೇ? ಆಗಲೇಬೇಕು. ಆದರೂ ಒಂದು ಮಾತು ಕೇಳುತ್ತೇನೆ. ಹೊಳೆಯಿರುವ ಊರಿನ ಹುಡುಗರಲ್ಲಿ ಈಜದವರು ಎಷ್ಟು ಮಂದಿ? ಹಾವಿನ ಪೊರೆ, ಬಣ್ಣದ ಕಲ್ಲು, ನವಿಲುಗರಿ ಕೂಡಿಡದವರು ನಿಮ್ಮ ತರಗತಿಯಲ್ಲಿ ಎಷ್ಟು ಮಂದಿ ಇದ್ದಾರೆ? ಅನೇಕರಿಗೆ ಹೊಂದುವ ಮಾತು ಒಬ್ಬರಿಗೆ ಹೊಂದಿದರೆ ಅದನ್ನು ದೊಡ್ಡ ಸಾಕ್ಷಿ ಎನ್ನಲಾಗದು. ಅಲ್ಲದೆ ಪೈಪರ್ ಆಗ ಕೇಳುವವರ ಕೈ ಹಿಡಿದುಕೊಂಡೇ ಮಾತನಾಡುತ್ತಿದ್ದರು. ಸರಿಯಾದ ಮಾತು ಬಂದಾಗ ಹಿಡಿದ ಕೈ ಬಿಗಿಯಾಗುವುದು, ಉಸಿರು ಬದಲಾಗುವುದು ಸಹಜ. ಆ ಸುಳಿವು ಹಿಡಿದು, ಒಂದು ಹೆಸರು ಹೊಂದದಿದ್ದರೆ ಇನ್ನೊಂದನ್ನು ಹೇಳಬಹುದು. ಇದನ್ನು ಬೇಕೆಂದೇ ಮಾಡಬೇಕಾಗಿಲ್ಲ. ಮನಸ್ಸು ತನಗೆ ಅರಿವಿಲ್ಲದೆಯೂ ಮಾಡುತ್ತದೆ. ಹಾಗೆಂದು ಗಡಿಯಾರದ ಕಥೆಯ ಪ್ರತಿಯೊಂದು ಮಾತಿಗೂ ಇದರಿಂದ ಉತ್ತರ ಸಿಕ್ಕಿತು ಎಂದು ನಾನು ಹೇಳಲಾರೆ.

ಈಗ ತಪ್ಪು ಉತ್ತರಗಳ ಕಡೆಗೆ ಬರೋಣ. ಫ್ರೆಂಚ್ ವೈದ್ಯನೆಂದು ಹೇಳಿಕೊಂಡ ಫಿನುಯಿಗೆ ಫ್ರೆಂಚ್ ಭಾಷೆಯಲ್ಲಿ ಸರಿಯಾಗಿ ಮಾತನಾಡಲು ಬರುತ್ತಿರಲಿಲ್ಲ! ಫ್ರಾನ್ಸಿನಲ್ಲಿ ಹುಡುಕಿಸಿದರೂ ಅಂಥ ವೈದ್ಯನೊಬ್ಬನಿದ್ದ ದಾಖಲೆ ಸಿಗಲಿಲ್ಲ. ಇನ್ನೊಂದು ಸಂಗತಿ. 1886ರಲ್ಲಿ ತೀರಿಕೊಂಡ ಮಹಿಳೆಯೊಬ್ಬರು ಸಾಯುವ ಮುನ್ನ ಒಂದು ಪತ್ರ ಬರೆದು, ಲಕೋಟೆಗೆ ಮುದ್ರೆ ಹಾಕಿ ಇಟ್ಟಿದ್ದರು. ಅದರಲ್ಲಿ ಏನಿದೆ ಎಂದು ಸತ್ತ ಮೇಲೆ ಬಂದು ತಿಳಿಸುವುದಾಗಿ ಹೇಳಿದ್ದರು. ಅವರ ಸಹೋದರಿ ಆ ಲಕೋಟೆಯನ್ನು ಜೇಮ್ಸ್ ಅವರಿಗೆ ಕಳುಹಿಸಿದರು. ಪೈಪರ್ ಅವರ ಮೂಲಕ ‘ಪತ್ರದ ಒಕ್ಕಣೆ’ ಬಂದಿತು. ಲಕೋಟೆ ಒಡೆದು ನೋಡಿದರೆ ಹೊಂದಿಕೆಯೇ ಇಲ್ಲ. ಬದುಕಿರುವ ಯಾರಿಗೂ ಗೊತ್ತಿಲ್ಲದ, ಯಾರ ಕೈಯೂ ಮುಖವೂ ಸುಳಿವು ಕೊಡಲಾಗದ ಪ್ರಶ್ನೆ ಅದು. ನನ್ನ ದೃಷ್ಟಿಯಲ್ಲಿ ಗಡಿಯಾರಕ್ಕಿಂತ ಆ ಲಕೋಟೆಯ ತೂಕವೇ ಹೆಚ್ಚು.

ಜೇಮ್ಸ್ ಹಾಗೆ ಭಾವಿಸಲಿಲ್ಲ. ಕಾಗೆಗಳೆಲ್ಲ ಕಪ್ಪು ಎಂಬ ಮಾತನ್ನು ಸುಳ್ಳಾಗಿಸಲು ಒಂದು ಬಿಳಿ ಕಾಗೆ ಸಾಕು, ನನಗೆ ಪೈಪರ್ ಅವರೇ ಆ ಬಿಳಿ ಕಾಗೆ ಎಂಬ ಅರ್ಥದಲ್ಲಿ ಅವರು 1896ರಲ್ಲಿ ಮಾತನಾಡಿದರು. ಸತ್ತವರೇ ಮಾತನಾಡುತ್ತಾರೆ ಎಂದು ಅವರು ಹೇಳಲಿಲ್ಲ. ಸಾಮಾನ್ಯ ದಾರಿಯಿಂದ ತಿಳಿಯಲಾಗದ್ದನ್ನು ಪೈಪರ್ ತಿಳಿಯುತ್ತಾರೆ ಎಂದಷ್ಟೇ ಅವರ ನಂಬಿಕೆ. ಕಾಗೆಯ ಮಾತು ಕೇಳಲು ಚೆನ್ನಾಗಿದೆ. ಆದರೆ ಕಾಗೆ ನಿಜವಾಗಿಯೂ ಬಿಳಿಯದೇ, ಅಥವಾ ಅದರ ಮೇಲೆ ಸುಣ್ಣ ಬಿದ್ದಿದೆಯೇ ಎಂದು ಮೊದಲು ನೋಡಬೇಡವೇ?

ಅಡ್ಯಾರಿನಲ್ಲಿ ಅಷ್ಟು ಸಂಶಯಪಟ್ಟ ಹಾಡ್ಜ್‌ಸನ್ ಕೂಡ ಕೊನೆಗೆ ನಂಬಿಬಿಟ್ಟರು. ಪೈಪರ್ ಅವರ ಮೂಲಕ ಸತ್ತವರೇ ಮಾತನಾಡುತ್ತಾರೆ ಎಂದು 1898ರಲ್ಲಿ ವರದಿ ಬರೆದರು. 1905ರಲ್ಲಿ ಅವರು ತೀರಿಕೊಂಡ ಮೇಲೆ ಪೈಪರ್ ಅವರ ಮೂಲಕ ‘ಹಾಡ್ಜ್‌ಸನ್’ ಎಂಬ ದನಿಯೇ ಮಾತನಾಡತೊಡಗಿತು!

1909ರಲ್ಲಿ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್ ಮತ್ತು ಅವರ ಸಹಾಯಕಿ ಏಮಿ ಟ್ಯಾನರ್ ಬಂದರು. ಹಾಲ್ ಆ ದನಿಗೆ, “ಬೆಸ್ಸಿ ಬೀಲ್ಸ್ ಎಂಬ ನನ್ನ ಸೋದರ ಸೊಸೆಯನ್ನು ಕರೆತರುತ್ತೀರಾ?” ಎಂದು ಕೇಳಿದರು. ಬೆಸ್ಸಿ ಬಂದಳು, ಮಾತನಾಡಿದಳು. ಮುಂದೆ ಹಾಲ್, ಅಂಥ ಹುಡುಗಿ ಇರಲೇ ಇಲ್ಲ, ಹೆಸರು ನಾನು ಕಟ್ಟಿದ್ದು ಎಂದು ತಿಳಿಸಿದರು. ತಾನು ತಪ್ಪು ತಿಳಿದೆ, ಅವಳು ಬೇರೆ ಯಾರದೋ ಕಡೆಯವಳು ಎಂದು ಆ ದನಿ ಜಾರಿಕೊಂಡಿತು.

“ಸುಳ್ಳು ಹೇಳುವುದು ತಪ್ಪಲ್ಲವೇ ಗುರುಗಳೇ?” ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ನಿಜವನ್ನು ಅವರೇ ತಿಳಿಸಿದರು, ಅದನ್ನು ಪುಸ್ತಕದಲ್ಲೂ ದಾಖಲಿಸಿದರು. ಆದ್ದರಿಂದ ನಾನು ಇದನ್ನು ತಪ್ಪು ಎನ್ನುವುದಿಲ್ಲ. ನಿಜವಾಗಿ ತಪ್ಪೆನಿಸುವುದು ಬೇರೊಂದು ಇದೆ. ಪರವಶತೆ ನಿಜವೇ ಎಂದು ನೋಡಲು ಹಲವರು ಪೈಪರ್ ಅವರಿಗೆ ನೋವು ಕೊಟ್ಟರು. ಮೂಗಿನ ಬಳಿ ಅಮೋನಿಯಾ ಹಿಡಿದರು, ಮಣಿಕಟ್ಟಿನಲ್ಲಿ ಸಣ್ಣ ಗಾಯ ಮಾಡಿದರು. ಹಾಲ್ ಮತ್ತು ಟ್ಯಾನರ್ ಸಹ ಉಪಕರಣದಿಂದ ಅವರ ಚರ್ಮವನ್ನು ಬಲವಾಗಿ ಒತ್ತಿ ನೋಡಿದರು. ಬೆಸ್ಸಿಯ ಪ್ರಶ್ನೆ ಒಂದು ಹನಿ ರಕ್ತವಿಲ್ಲದೆ ಎಷ್ಟೋ ಹೆಚ್ಚು ತಿಳಿಸಿತು. ತಿಳಿವಳಿಕೆಯ ಹೆಸರಿನಲ್ಲಿ ಒಬ್ಬರ ಮೈಯನ್ನು ನೋಯಿಸಲು ನಮಗೆ ಹಕ್ಕಿಲ್ಲ.

ಪೈಪರ್ ಅವರನ್ನು ಮೋಸಗಾತಿ ಎಂದು ಕರೆಯಲೂ ನಾನು ಒಪ್ಪುವುದಿಲ್ಲ. ಮೋಸ ಮಾಡುವಾಗ ಅವರು ಎಂದೂ ಸಿಕ್ಕಿಬೀಳಲಿಲ್ಲ. ತಮ್ಮ ಮೂಲಕ ಸತ್ತವರು ಮಾತನಾಡುತ್ತಾರೆ ಎಂಬುದು ತಮಗೇ ಖಚಿತವಿಲ್ಲ ಎಂಬ ಅವರ ಹೇಳಿಕೆ 1901ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. 1950ರಲ್ಲಿ ಅವರು ತೀರಿಕೊಂಡರು.

ಬೇಕಿದ್ದರೆ ಈ ಪರೀಕ್ಷೆಯನ್ನು ನಿಮ್ಮ ತರಗತಿಯಲ್ಲೇ ಮಾಡಿ ನೋಡಿ. ಒಬ್ಬರು ಹಣ್ಣಿನ ಹೆಸರೊಂದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಲಿ. ಬರೆದವರು ಕೋಣೆಯಿಂದ ಹೊರಗೆ ಹೋಗಲಿ. ಇಲ್ಲದಿದ್ದರೆ ಅವರ ಮುಖವೇ ಉತ್ತರ ಹೇಳಿಬಿಡುತ್ತದೆ. ಉಳಿದವರು ಒಬ್ಬೊಬ್ಬರಾಗಿ ಊಹಿಸಲಿ. ಕಪ್ಪು ಹಲಗೆಯ ಮೇಲೆ ನಡುವೆ ಗೆರೆ ಎಳೆದು ಸರಿಯನ್ನು ಒಂದು ಕಡೆ, ತಪ್ಪನ್ನು ಇನ್ನೊಂದು ಕಡೆ ಬರೆಯಿರಿ. ಹತ್ತು ಲಕೋಟೆ ಮುಗಿಯುವವರೆಗೆ ಯಾವುದನ್ನೂ ಅಳಿಸಬೇಡಿ. ಮೊದಲ ಚೀಟಿಯನ್ನು ನಿಮ್ಮ ಗುರುಗಳೇ ಬರೆಯಲಿ.