ನಕಲು ಮಾಡಲಿ, ಬಾಗಿಲಿಗೆ ಬೀಗ ಯಾಕೆ?

ರಾತ್ರಿಯಾದರೆ ನಿಮ್ಮ ಐಫೋನ್ ಪರದೆ ತಾನಾಗಿಯೇ ಹಳದಿ ಛಾಯೆಗೆ ತಿರುಗುತ್ತಾ? ಅದು ಆಪಲ್‌ಗೆ ಮೊದಲು ಹೊಳೆದದ್ದಲ್ಲ. ಮೈಕೆಲ್ ಮತ್ತು ಲೋರ್ನಾ ಹರ್ಫ್ ದಂಪತಿ 2009ರಲ್ಲೇ ಕಂಪ್ಯೂಟರುಗಳಿಗೆ ‘ಎಫ್.ಲಕ್ಸ್’ ಅನ್ನೋ ಉಚಿತ ತಂತ್ರಾಂಶ ಕೊಟ್ಟಿದ್ದರು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ರಾತ್ರಿಯಿಡೀ ಕೋಡ್ ಬರೆಯುತ್ತಿದ್ದ ನಮಗೆಲ್ಲ ಅದು ಕಣ್ಣಿಗೆ ತಂಪು.

ಐಫೋನಿಗೆ ಮಾತ್ರ ಅದನ್ನು ತರೋಕಾಗಲಿಲ್ಲ. ಇಡೀ ಪರದೆಯ ಬಣ್ಣ ಬದಲಿಸಲು ಆಪಲ್ ಹೊರಗಿನ ಆ್ಯಪ್‌ಗಳಿಗೆ ಬಿಡುತ್ತಿರಲಿಲ್ಲ. 2015ರ ನವೆಂಬರಿನಲ್ಲಿ ಅವರು ಆ್ಯಪ್ ಸ್ಟೋರ್ ಬಿಟ್ಟು, ಬಳಕೆದಾರರೇ ಎಕ್ಸ್‌ಕೋಡ್ ಮೂಲಕ ಹಾಕಿಕೊಳ್ಳುವಂಥ ಆವೃತ್ತಿ ಹೊರತಂದರು. ಒಪ್ಪಂದದ ಉಲ್ಲಂಘನೆ ಅಂತ ಆಪಲ್ ಹೇಳಿತು, ಅವರು ಹಿಂತೆಗೆದುಕೊಂಡರು. ಎರಡೇ ತಿಂಗಳು. 2016ರ ಜನವರಿಯಲ್ಲಿ ಆಪಲ್ ತನ್ನದೇ ‘ನೈಟ್ ಶಿಫ್ಟ್’ ತೋರಿಸಿತು. ಮಾರ್ಚಿನಲ್ಲಿ ಐಒಎಸ್ 9.3ರ ಜೊತೆ ಅದು ಎಲ್ಲರ ಕೈಗೆ ಬಂತು.

ಟೆಕ್ ಮಂದಿ ಇದಕ್ಕೆ ‘ಶೆರ್ಲಾಕ್ ಮಾಡೋದು’ ಅಂತಾರೆ. ಕರೇಲಿಯಾ ಎಂಬ ಪುಟ್ಟ ಕಂಪನಿಯ ‘ವಾಟ್ಸನ್’ ಮಾಡುತ್ತಿದ್ದ ಕೆಲಸವನ್ನೇ 2002ರಲ್ಲಿ ಆಪಲ್‌ನ ‘ಶೆರ್ಲಾಕ್ 3’ ಮಾಡತೊಡಗಿದಾಗ ಹುಟ್ಟಿದ ಮಾತು.

ಆದರೆ ‘ಕದ್ದರು’ ಅಂತ ಕೂಗೋದರಲ್ಲಿ ನನಗೆ ನಂಬಿಕೆಯಿಲ್ಲ. ಐಡಿಯಾ ಯಾರಪ್ಪನ ಆಸ್ತಿಯೂ ಅಲ್ಲ. ಟಾರ್ಚಿಗೂ ಒಂದು ಕಾಲದಲ್ಲಿ ಬೇರೆ ಆ್ಯಪ್ ಹಾಕಿಕೊಳ್ಳುತ್ತಿದ್ದೆವು, ಜಾಹೀರಾತಿನ ಕಾಟದ ಸಮೇತ! ಅದು ಫೋನಿನೊಳಗೇ ಬಂದಾಗ ನಮಗೆ ಒಳ್ಳೆಯದೇ ಆಯಿತು.

ಎಫ್.ಲಕ್ಸ್ ವಿಷಯದಲ್ಲಿ ಅನ್ಯಾಯ ಇರೋದು ನಕಲಿನಲ್ಲಲ್ಲ, ಬೀಗದಲ್ಲಿ. ಹೊರಗಿನವರಿಗೆ ಮುಚ್ಚಿದ ಬಾಗಿಲಿನಿಂದ ಮನೆಯವರು ಮಾತ್ರ ಓಡಾಡಿದರು. ನೈಟ್ ಶಿಫ್ಟ್ ಬಂದಾಗ ಹರ್ಫ್ ದಂಪತಿಯೂ ಪರಿಹಾರ ಕೇಳಲಿಲ್ಲ, ಆ ಸೌಲಭ್ಯ ನಮಗೂ ತೆರೆಯಿರಿ ಅಂದರು. ಭದ್ರತೆಯ ವಾದ ಪೂರ್ತಿ ಸುಳ್ಳಲ್ಲ, ಕಂಡಕಂಡ ಆ್ಯಪ್‌ಗೆಲ್ಲ ಪರದೆ ಒಪ್ಪಿಸೋಕಾಗಲ್ಲ. ಅದಕ್ಕೇ ಬಳಕೆದಾರರ ಅನುಮತಿ ಕೇಳುವ ವ್ಯವಸ್ಥೆ ಇರೋದು. ಕ್ಯಾಮೆರಾ, ಮೈಕ್‌ಗೆ ಅದು ಸಾಕಾಗುತ್ತೆ, ಬಣ್ಣಕ್ಕೆ ಸಾಲದಾ?

2024ರ ಮಾರ್ಚಿನಲ್ಲಿ ಹೊರಬಂದ ನಮ್ಮ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು, ವೇದಿಕೆಯಲ್ಲಿರುವ ವ್ಯಾಪಾರಿಗಳ ಗುಪ್ತ ಮಾಹಿತಿ ಬಳಸಿ ಅವರ ಜೊತೆಗೇ ಪೈಪೋಟಿಗಿಳಿಯಬಾರದು ಅನ್ನುತ್ತೆ. ಒಳ್ಳೆಯದೇ. ಆದರೆ ಎಫ್.ಲಕ್ಸ್ ನಕಲು ಮಾಡೋಕೆ ಗುಪ್ತ ಮಾಹಿತಿ ಯಾಕೆ, ಪರದೆ ನೋಡಿದರೆ ಸಾಕು. ಯುರೋಪಿನ 2022ರ ಡಿಜಿಟಲ್ ಮಾರುಕಟ್ಟೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ: ಆಪರೇಟಿಂಗ್ ಸಿಸ್ಟಮ್‌ನ ಯಾವ ಸೌಲಭ್ಯವನ್ನು ದೈತ್ಯ ಕಂಪನಿಯ ಸ್ವಂತ ಸೇವೆಗಳು ಬಳಸುತ್ತವೋ, ಅದು ಹೊರಗಿನವರಿಗೂ ಪುಕ್ಕಟೆ ಸಿಗಬೇಕು. ನಮ್ಮಲ್ಲಿ ಆ ಕರಡು ಮತ್ತೆ ಚರ್ಚೆಗೆ ಬಂದರೆ, ನಾನು ಮೊದಲು ಹುಡುಕೋದು ಈ ಸಾಲನ್ನೇ.