ಉತ್ತರ ಕೊಡುವ ಯಂತ್ರವೋ, ಪ್ರಶ್ನೆ ಕೇಳುವ ಯಂತ್ರವೋ?

ಕೃತಕ ಬುದ್ಧಿಮತ್ತೆಯ ಬೋಧಕ ಯಂತ್ರವನ್ನು ಮಕ್ಕಳ ಕೈಗೆ ಕೊಡಬೇಕೆ, ಬೇಡವೆ ಎಂಬ ಚರ್ಚೆ ನಮ್ಮ ಗೋಕಾಕ ಸೀಮೆಯ ಶ್ರಾವಕರಲ್ಲಿಯೂ ಎದ್ದಿದೆ. ಅದನ್ನು ಬಸದಿಯ ಪಾಠಶಾಲೆಯ ಹೊಸ್ತಿಲು ದಾಟಗೊಡಬಾರದೆಂದು ಒಂದು ಪಕ್ಷ. ಟ್ರಸ್ಟಿನ ಹಣದಿಂದ ಪ್ರತಿ ವಿದ್ಯಾರ್ಥಿಗೂ ಒದಗಿಸಬೇಕೆಂದು ಇನ್ನೊಂದು ಪಕ್ಷ. ಇಬ್ಬರೂ ಮೂಲಪ್ರಶ್ನೆಯನ್ನೇ ಕೈಬಿಟ್ಟಿದ್ದಾರೆ. ಯಂತ್ರ ಬಂದ ಮೇಲೆ ಕಲಿಯುವ ಶ್ರಮ ಯಾರದು?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿ, ಅದಕ್ಕೆ ಐದು ಭೇದಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಪ್ರಶ್ನಿಸುವುದು, ಮನನ ಮಾಡುವುದು, ಶುದ್ಧವಾಗಿ ಆವರ್ತಿಸುವುದು, ಅನ್ಯರಿಗೆ ತಿಳಿಹೇಳುವುದು. ಇವುಗಳಲ್ಲಿ ಒಂದನ್ನಾದರೂ ಪರರಿಂದ ಮಾಡಿಸಿಕೊಳ್ಳಲು ಸಾಧ್ಯವೆ? ನೆರೆಯವನು ಉಪವಾಸ ಮಾಡಿದರೆ ನಮ್ಮ ಕರ್ಮನಿರ್ಜರೆ ಆಗುವುದೆ?

ನಾನು ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕುಳಿತ ಹೊಸತರಲ್ಲಿ ತಾಳೆಪಟ್ಟಿಯಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಮನೆಗೆ ಹೋಗುವಂತಿರಲಿಲ್ಲ. ತಪ್ಪು ಎಲ್ಲಿದೆ ಎಂಬುದು ತಂದೆಯವರಿಗೆ ತಿಳಿದಿದ್ದರೂ ಹೇಳುತ್ತಿರಲಿಲ್ಲ. "ಕಿರ್ದಿ ನೋಡಿದಿಯೇನಪ್ಪಾ?" ಎಂದಷ್ಟೇ ಕೇಳುತ್ತಿದ್ದರು. ಕಳೆದ ವರ್ಷ ನನ್ನ ಮೊಮ್ಮಗ ಯಂತ್ರದಿಂದ ಬರೆಸಿದ ಅಂತಿಮ ಲೆಕ್ಕವನ್ನು ತಂದು ತೋರಿಸಿದ. ಎರಡೂ ಬದಿ ಸರಿಹೊಂದಿದ್ದವು. ಸವಕಳಿಯನ್ನು ಖರ್ಚಿನ ಬದಿಗೆ ಏಕೆ ಹಾಕಿದೆ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ.

ಇದು ನನ್ನ ಮನೆಯ ಕಥೆ ಮಾತ್ರವಲ್ಲ. ಟರ್ಕಿ ದೇಶದ ಸುಮಾರು ಒಂದು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಗಣಿತಾಭ್ಯಾಸವನ್ನು ಪರೀಕ್ಷಿಸಿ ಸಂಶೋಧಕರು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ ಹಿಡಿದವರು ಅಭ್ಯಾಸದಲ್ಲಿ ಶೇ. 48ರಷ್ಟು ಮೇಲುಗೈ ಪಡೆದರು; ಯಂತ್ರ ತೆಗೆದು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಮುಟ್ಟದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವನ್ನಷ್ಟೇ ಕೊಡುವಂತೆ ಸಿದ್ಧಪಡಿಸಿದ ಯಂತ್ರದಲ್ಲಿ ಈ ಹಾನಿ ಬಹುಮಟ್ಟಿಗೆ ಇಲ್ಲವಾಯಿತು. ಆದರೆ ಅದನ್ನು ಬಳಸಿದವರೂ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದೆ ಹೋಗಲಿಲ್ಲ ಎಂಬುದನ್ನು ಯಂತ್ರಭಕ್ತರು ಗಮನಿಸಬೇಕು.

ಹಾಗಾದರೆ ನಿಷೇಧವೇ ಸರಿಯೆ? ಖಂಡಿತ ಅಲ್ಲ. ಉಳ್ಳವರ ಮಕ್ಕಳಿಗೆ ಟ್ಯೂಷನ್ ಇದೆ. ಹುಕ್ಕೇರಿ, ಮೂಡಲಗಿ ತಾಲೂಕುಗಳ ಹಳ್ಳಿಯಲ್ಲಿ ಕಬ್ಬಿನ ಹೊಲದಿಂದ ಕತ್ತಲಾದ ಮೇಲೆ ಮರಳುವ ತಾಯಿತಂದೆಗಳ ಮಗಳು ಬೀಜಗಣಿತದ ಸಂದೇಹವನ್ನು ಯಾರಲ್ಲಿ ಕೇಳಬೇಕು? ಅವಳಿಗೆ ಪೃಚ್ಛನೆಯ ಬಾಗಿಲನ್ನೇ ಮುಚ್ಚುವುದು ಧರ್ಮವಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಪರಂಪರೆ ನಮ್ಮದು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಬೋರ್ಡಿಂಗುಗಳನ್ನು ಕಟ್ಟಿದ್ದೂ ಇಂತಹ ಮಕ್ಕಳಿಗಾಗಿಯೇ. ಶಾಸ್ತ್ರದಾನದ ಸಾಧನ ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಉದ್ದೇಶ ಬದಲಾಗಕೂಡದು.

ಆದುದರಿಂದ ನಮ್ಮ ಮೂರೂ ತಾಲೂಕುಗಳ ಟ್ರಸ್ಟುಗಳ ವಿಶ್ವಸ್ಥರಲ್ಲಿ ನನ್ನ ವಿನಂತಿ ಇಷ್ಟು. ಉತ್ತರ ಕೊಡುವ ಯಂತ್ರಕ್ಕೆ ಒಂದು ರೂಪಾಯಿಯನ್ನೂ ಮಂಜೂರು ಮಾಡಬೇಡಿ. ಸುಳಿವು ಕೊಟ್ಟು ಪ್ರಶ್ನೆ ಕೇಳುವಂತಹದಕ್ಕೆ ಮಾತ್ರ ಕೊಡಿ. ಅದನ್ನು ಮಕ್ಕಳ ಕೈಗೆ ಒಪ್ಪಿಸಿಬಿಡದೆ, ಪಾಠಶಾಲೆಯಲ್ಲಿ ಸಂಜೆ ಒಂದು ತಾಸು ಶಿಕ್ಷಕರೊಬ್ಬರ ಕಣ್ಣೆದುರಿಗೆ ನಡೆಸಿ. ಧರ್ಮಗ್ರಂಥದ ವಿಷಯದಲ್ಲಿ ಯಂತ್ರ ಇಲ್ಲದ ಸೂತ್ರವನ್ನೂ ಹುಟ್ಟಿಸಿ ಹೇಳಬಲ್ಲದು; ಮುದ್ರಿತ ಗ್ರಂಥದೊಡನೆ ತಾಳೆ ನೋಡದೆ ಒಪ್ಪಬೇಡಿ. ಕೊನೆಯ ಹತ್ತು ನಿಮಿಷ ಯಂತ್ರವನ್ನು ಆರಿಸಿ, ಕಲಿತುದನ್ನು ಮಗು ಎದ್ದು ನಿಂತು ಇತರರಿಗೆ ಹೇಳಲಿ.

ಅಷ್ಟು ಹೊತ್ತು ಎದುರಿಗೆ ಕುಳಿತು ಕೇಳಲು ನಮ್ಮಲ್ಲಿ ಹಿರಿಯರು ಸಿಗದಿದ್ದರೆ, ತಪ್ಪು ಯಂತ್ರದ್ದಲ್ಲ, ನಮ್ಮದು.