ಚಿತ್ರ ಬರೆಯಲು ಬಾರದವರ ಶುಭಾಶಯ ಪತ್ರ



ಸಂಕ್ರಾಂತಿಗೆ ಇನ್ನು ಮೂರು ವಾರಗಳಿವೆ. ಮನೆಯ ಮಕ್ಕಳಿಂದ ಶುಭಾಶಯ ಪತ್ರ ಮಾಡಿಸಬೇಕೆಂಬ ಆಸೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ನನ್ನದೊಂದು ವಿನಂತಿ. ಅವರ ಮುಂದೆ ಬಣ್ಣದ ಡಬ್ಬಿಯನ್ನು ಇಟ್ಟು "ಚಿತ್ರ ಬರಿ" ಎನ್ನಬೇಡಿ. ಹೂಬಳ್ಳಿಯೋ ಬುಟ್ಟಾವೋ ಮುದ್ರಿತವಾಗಿರುವ ಒಂದು ಹಾಳೆ, ಒಂದು ಕತ್ತರಿ, ಸ್ವಲ್ಪ ಅಂಟು ಇಷ್ಟನ್ನು ಕೊಡಿ. ಹತ್ತು ನಿಮಿಷದೊಳಗೆ ಪತ್ರ ಮುಗಿಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ಬೇಡುವ ಪತ್ರವನ್ನು ಮಾಡಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿತ್ರಕಲೆಯ ಮೇಷ್ಟ್ರುಗಳು ನನ್ನ ಮೇಲೆ ಮುನಿಯಬಹುದು. ಅವರ ಕೋಪಕ್ಕೆ ಉತ್ತರವನ್ನು ಮುಂದೆ ಕೊಡುತ್ತೇನೆ.

ಐವತ್ತು ಮಕ್ಕಳಿರುವ ತರಗತಿಯಲ್ಲಿ ಚೆನ್ನಾಗಿ ಚಿತ್ರ ಬರೆಯುವವರು ಐದಾರು ಮಂದಿ. "ಎಲ್ಲರೂ ಒಂದು ಗ್ರೀಟಿಂಗ್ ಕಾರ್ಡ್ ಮಾಡಿ" ಎಂದ ಕೂಡಲೇ ಆ ಐದಾರು ಮುಖಗಳು ಅರಳುತ್ತವೆ. ಉಳಿದವರು ಎಡಗೈಯನ್ನು ಅಡ್ಡವಿಟ್ಟು ಹಾಳೆಯನ್ನು ಮರೆಮಾಡಿಕೊಳ್ಳುತ್ತಾರೆ. ಗಣಿತದ ಮೇಷ್ಟ್ರಾದ ನನಗೆ ಆ ಕೈಯ ಭಂಗಿ ಚೆನ್ನಾಗಿ ಪರಿಚಿತ. ಲೆಕ್ಕ ಬಾರದ ಹುಡುಗನೂ ಹಾಗೆಯೇ ಕೈ ಅಡ್ಡವಿಡುತ್ತಾನೆ. 1949ರಲ್ಲಿ ಯಿತ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಜೆಕ್ ಬಾಲಕಿ ಬರೆದ ಚಿತ್ರವೇ ಯುನಿಸೆಫ್ ಸಂಸ್ಥೆಯ ಮೊದಲ ಶುಭಾಶಯ ಪತ್ರವಾಯಿತು. ಸಂತೋಷವೇ. ಆದರೆ ಅವಳ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ, ಮನುಷ್ಯನ ಕೈ ಬರೆಯಲು ಹೋದರೆ ಬಾಚಣಿಗೆಯಾಗುತ್ತಿದ್ದ ಮಗುವಿನ ಬಗ್ಗೆ ನನಗೆ ಹೆಚ್ಚು ಕಾಳಜಿ. ಆ ಮಗುವಿಗೂ ಹೇಳಬೇಕಾದ ಮಾತೊಂದು ಇರುತ್ತದೆಯಲ್ಲವೇ? ಅಂದವನ್ನು ಮುದ್ರಿತ ಹಾಳೆಯೇ ಒದಗಿಸಿಬಿಟ್ಟರೆ ಮಗುವಿನ ಗಮನವೆಲ್ಲ ಆ ಮಾತಿನ ಕಡೆಗೆ ಹರಿಯುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು 1998ರಲ್ಲಿ. ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಜವಾನರು ನಿವೃತ್ತರಾಗುವವರಿದ್ದರು. ಮಕ್ಕಳ ಬಾಯಲ್ಲಿ ಅವರು "ಬೆಲ್ ತಾತ". ಬೀಳ್ಕೊಡುಗೆಯ ಹಿಂದಿನ ದಿನ ನಲವತ್ತು ನಿಮಿಷದ ಒಂದು ಅವಧಿ ಬಿಡುವಾಗಿ ನನ್ನ ಪಾಲಿಗೆ ಬಂತು. ಹಳೆಯ ಲಗ್ನಪತ್ರಿಕೆಗಳ ಒಂದು ಕಟ್ಟು ಮನೆಯಿಂದ ತಂದಿದ್ದೆ. ಎಂಟನೆಯ ತರಗತಿಯ ನಲವತ್ತೈದು ಮಕ್ಕಳಿಗೆ ತಲಾ ಒಂದರಂತೆ ಹಂಚಿದೆ. ಕತ್ತರಿಸಿ ಅಂಟಿಸಲು ಕಾಲು ಗಂಟೆ ಸಾಕಾಯಿತು. ಉಳಿದ ಹೊತ್ತಿನಲ್ಲಿ ಒಳಗೇನು ಬರೆಯುವುದೆಂದು ಮಕ್ಕಳು ಪೆನ್ನು ಕಚ್ಚುತ್ತ ಕುಳಿತರು. ಆ ಮೌನ ನನಗೆ ಬಹಳ ಹಿಡಿಸಿತು. ಚಿತ್ರಕಲೆಯಲ್ಲಾಗಲಿ ಗಣಿತದಲ್ಲಾಗಲಿ ಎಂದೂ ಮುಂದೆ ಬಾರದ ಹುಡುಗನೊಬ್ಬ ಬರೆದಿದ್ದ: "ತಾತ, ನೀವು ಕೊನೆಯ ಬೆಲ್ ಹೊಡೆದಾಗ ನನಗೆ ತುಂಬಾ ಖುಷಿ ಆಗುತ್ತಿತ್ತು. ಬೇರೆ ಬೆಲ್ ಹೊಡೆದಾಗ ಅಷ್ಟು ಆಗುತ್ತಿರಲಿಲ್ಲ." ತಾತ ಅದನ್ನು ಓದಿಸಿಕೊಂಡು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಅಂಗಡಿಯ ಯಾವ ಕಾರ್ಡಿನಲ್ಲಿ ಆ ಸಾಲು ದೊರೆತೀತು? (ಆ ಹುಡುಗ ಈಗ ಇದನ್ನು ಓದುತ್ತಿರಬಹುದು. ಹೆಸರು ಹೇಳುವುದಿಲ್ಲ, ಹೆದರಬೇಡ.)

ಈಗ ಮಾಡುವ ವಿಧಾನ. ಹಳೆಯ ಅಭ್ಯಾಸದಂತೆ ಸ್ವಲ್ಪ ಗಣಿತ ಬೆರೆಸುತ್ತೇನೆ, ಸಹಿಸಿಕೊಳ್ಳಿ. ಎ4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಡ್ಡಲಾಗಿ ಸರಿಯಾಗಿ ಎರಡು ಭಾಗ ಮಾಡಿ, ಪ್ರತಿ ಭಾಗವನ್ನೂ ಮಧ್ಯಕ್ಕೆ ಮಡಿಸಿದರೆ 105 x 148ರ ಎರಡು ಪತ್ರಗಳು ಸಿದ್ಧ. ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲಗಳ ಅನುಪಾತ ಎರಡರ ವರ್ಗಮೂಲವಾಗಿಯೇ ಉಳಿಯುತ್ತದೆ. ಹತ್ತನೆಯ ತರಗತಿಯಲ್ಲಿ ಕರಣಿಗಳನ್ನು ಶಪಿಸಿದವರು ಇದನ್ನು ಗಮನಿಸಬೇಕು! ಮಡಿಸುವ ಮೊದಲು ಮಸಿ ಮುಗಿದ ಬಾಲ್‌ಪೆನ್ನಿನಿಂದ, ಸ್ಕೇಲ್ ಹಿಡಿದು, ಮಡಿಕೆಯ ಜಾಗದಲ್ಲಿ ಒಂದು ಗೀರು ಎಳೆಯಿರಿ. ದಪ್ಪ ಕಾಗದ ಬಿರಿಯದೆ ನೇರವಾಗಿ ಮಡಚಿಕೊಳ್ಳುತ್ತದೆ. ಕಾಗದಕ್ಕೂ ಮರದಂತೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಸುಲಭವಾಗಿ ಬಾಗುವ ದಿಕ್ಕು ಬೆರಳಿಗೇ ತಿಳಿಯುತ್ತದೆ. ಮಡಿಕೆ ಆ ದಿಕ್ಕಿನಲ್ಲಿ ಬಂದರೆ ಅಂದ.

ಹೂವಿನ ಹಾಳೆಯನ್ನು 95 x 138ಕ್ಕೆ ಕತ್ತರಿಸಿ ಮುಂಭಾಗದ ನಡುವೆ ಅಂಟಿಸಿದರೆ ಸುತ್ತಲೂ 5 ಮಿ.ಮೀ. ಬಿಳಿಯ ಅಂಚು ಉಳಿಯುತ್ತದೆ. ಆ ಬಿಳಿ ಅಂಚೇ ಚೌಕಟ್ಟು. ಅಷ್ಟು ದೊಡ್ಡ ತುಂಡು ಸಿಗದಿದ್ದರೆ ಎರಡು ಬೆರಳಗಲದ ಪಟ್ಟಿಯೊಂದನ್ನು ಸೀರೆಯ ಅಂಚಿನಂತೆ ಒಂದು ಬದಿಗೆ ಅಂಟಿಸಿ. ನನಗೆ ಇದೇ ಹೆಚ್ಚು ಇಷ್ಟ. ಅಂಟು ತೆಳುವಾಗಿರಲಿ. ಹೆಚ್ಚು ನೀರು ಕುಡಿದ ನಾರು ಉಬ್ಬಿ ಹಾಳೆ ಸುರುಟಿಕೊಳ್ಳುತ್ತದೆ. ಆಮೇಲೆ ಒಂದು ರಾತ್ರಿ ಭಾರದ ಕೆಳಗಿಡಬೇಕು. ಹಿಂದೆ ಟೆಲಿಫೋನ್ ಡೈರೆಕ್ಟರಿ ಈ ಕೆಲಸ ಮಾಡುತ್ತಿತ್ತು. ಈಗ ನಿಘಂಟನ್ನು ಇಡಿ, ಆ ನೆಪದಲ್ಲಾದರೂ ಅದು ಕಪಾಟಿನಿಂದ ಇಳಿಯಲಿ.

ಹಾಳೆಗಳನ್ನು ಹಣ ಕೊಟ್ಟು ತರುವ ಅಗತ್ಯವಿಲ್ಲ. ಆಮಂತ್ರಣ ಪತ್ರಿಕೆಗಳ ಒಳಪುಟಗಳಲ್ಲಿ ಮಾವಿನಕಾಯಿ ಬುಟ್ಟಾ, ಆನೆಸಾಲು, ಬಳ್ಳಿ ಎಲ್ಲವೂ ಇರುತ್ತವೆ. ಗಣಪತಿಯ ಚಿತ್ರಕ್ಕೆ ಕತ್ತರಿ ಹಾಕಬಾರದೆಂದು ನನ್ನ ಶ್ರೀಮತಿಯ ಕಟ್ಟಪ್ಪಣೆಯಿರುವುದರಿಂದ ಅವು ನಮ್ಮಲ್ಲಿ ಬೇರೆಯೇ ಲಕೋಟೆಯಲ್ಲಿ ಕ್ಷೇಮವಾಗಿವೆ. ಕೊಳ್ಳಲೇಬೇಕೆನ್ನುವವರು ರಾಜಾಜಿನಗರದಿಂದ ಮೆಟ್ರೋ ಹತ್ತಿ ನೇರವಾಗಿ ಚಿಕ್ಕಪೇಟೆಯಲ್ಲಿ ಇಳಿಯಬಹುದು. ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಬೇಕು. ಲಗ್ನಪತ್ರಿಕೆಯ ಅಂಗಡಿಗಳಿಗೆ ಹೆಸರಾದ ಸುಲ್ತಾನಪೇಟೆ ಅಲ್ಲಿಗೆ ಹತ್ತಿರ. ಇದಾವುದೂ ಬೇಡವೆಂದರೆ ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಬಿಳಿ ಹಾಳೆಯ ಮೇಲೆ ಸಾಲಾಗಿ ಒತ್ತಿಸಿ. ಒತ್ತಿದಲ್ಲೆಲ್ಲ ಎಸಳುಗಳುಳ್ಳ ಹೂ ಮೂಡುತ್ತದೆ; ಚಿತ್ರ ಬಾರದ ಕೈಗೂ ಅದು ತಪ್ಪುವುದಿಲ್ಲ. ಮಾಡಿಟ್ಟ ಪತ್ರಗಳ ನಡುವೆ ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿಯೊಂದನ್ನು ಇಡುವುದು ನಮ್ಮ ಮನೆಯ ಪದ್ಧತಿ. ಲಕೋಟೆ ಒಡೆದವರಿಗೆ ಪರಿಮಳ ಉಚಿತ.

ಮಿನುಗು ಪುಡಿ, ಗುಂಡಿ, ಮಣಿ ಖಂಡಿತ ಬೇಡ. ಅಂಚೆಯವರು ಮುದ್ರೆ ಒತ್ತುವಾಗ ಲಕೋಟೆ ಹರಿಯುತ್ತದೆ, ತೂಕವೂ ಏರುತ್ತದೆ. 200 ಜಿಎಸ್‌ಎಂ ಹಾಳೆಯೆಂದರೆ ಒಂದು ಚದರ ಮೀಟರಿಗೆ 200 ಗ್ರಾಂ. ಆ ಲೆಕ್ಕದಲ್ಲಿ ನಮ್ಮ ಅರ್ಧ ಹಾಳೆ ಆರು ಗ್ರಾಮಿಗಿಂತ ತುಸು ಹೆಚ್ಚು. ಮೇಲಿನ ಅಲಂಕಾರ, ಲಕೋಟೆ ಸೇರಿದರೂ ಹದಿಮೂರು ಗ್ರಾಮಿನ ಆಸುಪಾಸು. ಸಾಮಾನ್ಯ ಪತ್ರದ ಮೊದಲ ಹಂತವಾದ 20 ಗ್ರಾಮಿನೊಳಗೆ ಆರಾಮವಾಗಿ ಹೋಗುತ್ತದೆ.

ಇನ್ನು ನನ್ನ ಅಸಮಾಧಾನ. ಕೊಠಾರಿ ಆಯೋಗ 1964-66ರಲ್ಲಿ ಕಾರ್ಯಾನುಭವವನ್ನು ಶಿಕ್ಷಣದ ಅಂಗವೆಂದು ಕರೆದದ್ದು ಮಗುವಿನ ಕೈ ಕೆಲಸ ಮಾಡಲಿ ಎಂಬ ಉದ್ದೇಶದಿಂದ. ಈಗ ಹಲವು ಶಾಲೆಗಳಲ್ಲಿ ಅದು "ಪ್ರಾಜೆಕ್ಟ್" ಎಂಬ ಹೆಸರು ಪಡೆದು ತಾಯಂದಿರ ಕೆಲಸವಾಗಿದೆ. ಬಸವೇಶ್ವರನಗರದ ನಮ್ಮ ಬಂಧುಗಳ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆ. "ಕಸದಿಂದ ರಸ" ಎಂಬ ಸ್ಪರ್ಧೆಗೆಂದು ಮೂರನೆಯ ತರಗತಿಯ ಹುಡುಗಿ ಶುಭಾಶಯ ಪತ್ರ ಒಯ್ಯಬೇಕಿತ್ತು. ರಾತ್ರಿ ಹನ್ನೊಂದಾದರೂ ಆಕೆಯ ತಾಯಿ, ಅಂಗಡಿಯಿಂದ ಇನ್ನೂರು ರೂಪಾಯಿಯ ಸಾಮಗ್ರಿ ತಂದು, ಹೊಸ "ಕಸ"ವನ್ನು ಅಂಟಿಸುತ್ತಿದ್ದರು. ಮಗು ಆಗಲೇ ನಿದ್ದೆಹೋಗಿತ್ತು. ಪತ್ರ ನಿಜಕ್ಕೂ ಬಹಳ ಚೆನ್ನಾಗಿತ್ತು, ಬಹುಮಾನವೂ ಬಂತಂತೆ. ಅದನ್ನು ಯಾರಿಗೆ ಕಳುಹಿಸಿದಿರಿ ಎಂದು ಕೇಳಿದೆ. ಯಾರಿಗೂ ಇಲ್ಲ, ಶಾಲೆಯಲ್ಲೇ ಇಟ್ಟುಕೊಂಡರು ಎಂಬ ಉತ್ತರ ಬಂತು. ಒಳಗೆ ಏನೂ ಬರೆದಿರಲಿಲ್ಲ.

ಚಿತ್ರಕಲೆಯ ಮೇಷ್ಟ್ರುಗಳಿಗೆ ನನ್ನ ಉತ್ತರ ಇಲ್ಲಿದೆ. ಚಿತ್ರಕಲೆಗೆ ಅದರದೇ ಅವಧಿ ಇರಲಿ, ಹೆಚ್ಚೇ ಇರಲಿ. ಶುಭಾಶಯ ಪತ್ರ ಚಿತ್ರಕಲೆಯ ಪರೀಕ್ಷೆಯಲ್ಲ, ಅದು ಕಾಗದ ಬರೆಯುವ ಒಂದು ಬಗೆ. ಎರಡು ಗಂಟೆ ಹಿಡಿಯುವ ಪತ್ರವನ್ನು ಮಗು ವರ್ಷಕ್ಕೊಂದು ಮಾಡೀತು. ಹತ್ತು ನಿಮಿಷದ್ದಾದರೆ ಒಂದು ಭಾನುವಾರದಲ್ಲಿ ಎಂಟು ಜನರಿಗೆ ಬರೆದೀತು. ಆ ಎಂಟು ಜನರಲ್ಲಿ ಯಾರೂ ನೆನೆಯದ ಒಬ್ಬ ಅಜ್ಜಿಯೂ ಸೇರಿಯಾಳು. ಹಿಂದೆ ಹೊಸವರ್ಷ, ಸಂಕ್ರಾಂತಿಯ ಹೊತ್ತಿಗೆ ಪಾದಚಾರಿ ದಾರಿಗಳಲ್ಲಿ ಹಗ್ಗ ಕಟ್ಟಿ ಸಿನಿಮಾ ತಾರೆಯರ, ಗುಲಾಬಿಗಳ ಕಾರ್ಡುಗಳನ್ನು ನೇತುಹಾಕುತ್ತಿದ್ದರು. ಅವು ಹೋದದ್ದಕ್ಕೆ ನನಗೆ ದುಃಖವಿಲ್ಲ. ಮೊಬೈಲಿನ ಮೇಲೂ ದ್ವೇಷವಿಲ್ಲ, ದೂರದ ಮೊಮ್ಮಗನ ಮುಖವನ್ನು ಅದರಲ್ಲೇ ಕಾಣುತ್ತೇನೆ. ಆದರೆ ಕಳೆದ ಯುಗಾದಿಯಂದು ಒಂದೇ ಬೇವು ಬೆಲ್ಲದ ಚಿತ್ರ ಹನ್ನೊಂದು ಜನರಿಂದ ನನಗೆ ಬಂತು. ಅದರಲ್ಲಿ ನನ್ನ ಹೆಸರು ಬರೆದವರು ಒಬ್ಬರೂ ಇರಲಿಲ್ಲ.

ಮಕ್ಕಳು ಒಳಗೆ ಬರೆಯುವಾಗ ನೀವು ಸಾಲು ಹೇಳಿಕೊಡಬೇಡಿ. "ಹಾರ್ದಿಕ ಶುಭಾಶಯಗಳು" ಎಂದು ಬರೆದು ಪೆನ್ನು ಕೆಳಗಿಟ್ಟರೆ, ಅವರ ಜೊತೆ ನಿನಗೆ ನೆನಪಿರುವ ಒಂದು ಸಂಗತಿ ಯಾವುದು ಎಂದಷ್ಟೇ ಕೇಳಿ. ಕಾಗುಣಿತದ ತಪ್ಪುಗಳನ್ನು ಈ ಒಂದು ಸಲ ತಿದ್ದದೆ ಬಿಡಿ. ಮೇಷ್ಟ್ರೇ ಅನುಮತಿ ಕೊಟ್ಟಿದ್ದಾರೆಂದು ಹೇಳಿ. ವಿಳಾಸವನ್ನೂ ಅವರೇ ಬರೆಯಲಿ, ಪಿನ್ ಸಂಖ್ಯೆ ಸಮೇತ. ವಿಜಯನಗರ 560040, ರಾಜಾಜಿನಗರ 560010, ಬಸವೇಶ್ವರನಗರ 560079, ಕೆಂಗೇರಿ 560060. ತಮ್ಮ ಮನೆಯ ಪಿನ್ ಗೊತ್ತಿಲ್ಲದ ಮಕ್ಕಳು ಎಷ್ಟು ಮಂದಿ ಇದ್ದಾರೆಂದು ಕೇಳಿ ನೋಡಿ, ಬೆರಗಾಗುತ್ತೀರಿ.

ನನ್ನ ಮೇಜಿನ ಮೇಲೆ ಸದ್ಯ ಮೂವತ್ತೆರಡು ಪತ್ರಗಳು ಒಣಗುತ್ತಿವೆ. ಮನೆ ಬದಲಿಸಿದವರು ನಿಮ್ಮ ಈಗಿನ ಅಂಚೆ ವಿಳಾಸವನ್ನು ಈ ವಾರದೊಳಗೆ ನನಗೆ ತಿಳಿಸಿ.